ಬೇಲಿಗೆ ತೊಟ್ಟಿಲ ಕಾಲು

ಹುಬ್ಬಳ್ಳಿಯ ಹಂದಿಗಳಿಗೆ ಊರಿನ ಓಣಿ ಓಣಿಯೂ ಗೊತ್ತು. ಗದಗ ರಸ್ತೆ ಕಡೆಯ ನಮ್ಮ ಓಣಿಯಲ್ಲಂತೂ ಅವು ನಮಗಿಂತ ಹಳೆಯ ನಿವಾಸಿಗಳು. ದೀಪಾವಳಿ ಮುಗಿದ ವಾರ ಒಂದು ರಾತ್ರಿ ಅಂಗಳಕ್ಕೆ ನುಗ್ಗಿ, ನನ್ನ ಹೆಂಡತಿ ಊರಿದ್ದ ಕೆಸುವಿನ ಗಡ್ಡೆಯನ್ನೆಲ್ಲ ಮುಗಿಸಿ ಹೋದವು. ಬೆಳಗ್ಗೆ ನೋಡಿದರೆ ಅಂಗಳ ಕುಂಟೆ ಹೊಡೆದ ಹೊಲದ ಹಾಗಿತ್ತು.

"ಹೊಲ ಹದಕ್ಕ ಬಂದೈತಿ. ಇನ್ನ ನೀವು ಕಡ್ಲಿ ಬೀಜ ತರ್ರಿ, ಹಿಂಗಾರಿ ಬಿತ್ತೂಣು" ಅಂದಳು. ಅವಳ ಸಿಟ್ಟು ಯಾವತ್ತೂ ಹೀಗೆ ತಣ್ಣಗೇ ಬರುವುದು.

ಇಟ್ಟಂಗಿ ಗೋಡೆ ಕಟ್ಟಿಸಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೊಬೈಲಿನಲ್ಲಿ ಬಿಳಿ ಬಣ್ಣದ ಕಟ್ಟಿಗೆ ಬೇಲಿಯೊಂದು ನನ್ನ ಕಣ್ಣಿಗೆ ಬಿತ್ತು. ಒಮ್ಮೆ ಒತ್ತಿ ನೋಡಿದ್ದಕ್ಕೆ ಅದು ಸಂಕ್ರಾಂತಿಯ ತನಕ ನನಗೆ ಬೇಲಿಯನ್ನೇ ತೋರಿಸಿತು. ಬೇಲಿಯಲ್ಲೂ ಎಷ್ಟು ಜಾತಿ! ಪಟ್ಟಿಗಳನ್ನು ಸಂದು ಬಿಟ್ಟು ನಿಲ್ಲಿಸಿದರೆ ಪಿಕೆಟ್. ಅಡ್ಡಡ್ಡ ಹಾಯಿಸಿದರೆ ಕುದುರೆ ಸಾಕುವವರ ರ‍್ಯಾಂಚ್ ಬೇಲಿ. ಓರೆಯಾಗಿ ಹೆಣೆದದ್ದು ಲ್ಯಾಟಿಸ್, ಅಂದರೆ ನಮ್ಮ ಜಾಫ್ರಿ. ಸಂದೇ ಇಲ್ಲದ ಹಾಗೆ ಬಡಿದು ಬಾಜೂಮನೆಯವರ ಕಣ್ಣು ತಪ್ಪಿಸುವುದು ಪ್ರೈವೆಸಿ ಬೇಲಿ. ಈ ಕೊನೆಯದನ್ನು ಅವ್ವ ಕೇಳಿದ ಕೂಡಲೇ ತಳ್ಳಿಹಾಕಿದಳು. ಬಾಜೂಮನೆ ಕಾಕು ಕಣ್ಣಿಗೆ ಬೀಳದಿದ್ದರೆ ಅವಳಿಗೆ ಉಂಡ ಅನ್ನ ಕರಗುವುದಿಲ್ಲ. ಹೆಂಡತಿಗೆ ಮಲ್ಲಿಗೆ ಬಳ್ಳಿ ಹಬ್ಬಿಸಲು ಜಾಫ್ರಿ ಬೇಕಿತ್ತು. ನನ್ನ ಮನಸ್ಸು ಮಾತ್ರ ಪಿಕೆಟ್ಟಿನಲ್ಲೇ ನೆಟ್ಟಿತ್ತು.

ಪಿಕೆಟ್ ಎಂದರೂ ಪಾರಿಲ್ಲ. ಪಟ್ಟಿಯ ತಲೆ ಹೇಗಿರಬೇಕೆಂಬುದು ಬೇರೆಯೇ ಪುರಾಣ. ಮೇಲಿನ ಎರಡು ಮೂಲೆ ಕತ್ತರಿಸಿದ್ದಕ್ಕೆ ಡಾಗ್ ಇಯರ್ ಎಂದು ಹೆಸರು.

"ಹಂಗಂದ್ರೇನೋ?" ಅವ್ವ ಕೇಳಿದಳು.

"ನಾಯಿ ಕಿವಿ, ಅವ್ವಾ."

"ಹಂದಿ ಬಂದಾಗ ನಾಯಿ ಕಿವಿ ಏನ್ ಮಾಡ್ತೈತೋ? ನಾಯಿ ಬಾಯಿ ಇದ್ದದ್ದು ಇಲ್ಲೇನು?"

ನಾಯಿ ಕಿವಿ ಬಿಟ್ಟು ಫ್ರೆಂಚ್ ಗೋಥಿಕ್ ಆರಿಸಿದೆ. ಕುತ್ತಿಗೆ ಸಣ್ಣ, ಅದರ ಮೇಲೆ ಈಟಿಯ ಮೊನೆಯಂಥ ತಲೆ. ಹೆಸರು ಹೇಳುವಾಗಲೇ ಒಂದು ತೂಕ ಬರುತ್ತಿತ್ತು.

ಬಡಿಗೇರ ಕಾಕಾ ಕಲಘಟಗಿ ಕಡೆಯವರು. ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೊಳದುದ್ದ ದೂರ ಹಿಡಿದು ನೋಡಿ, "ಇದೇನ್ ಫ್ರೆಂಚ್ ರೀ ಸರ? ನಮ್ಮ ತೊಟ್ಲ ಕಾಲಿನ ಗುಬ್ಬಿ ಐತಿ" ಅಂದುಬಿಟ್ಟರು. ಗುಬ್ಬಿ ಅಂದರೆ ಹಕ್ಕಿಯಲ್ಲ, ಕಾಲಿನ ತುದಿಗೆ ಕಡೆದು ಕೂಡಿಸುವ ಗುಂಡು. ಕಲಘಟಗಿ ತೊಟ್ಟಿಲ ಹೆಸರು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ! ಬಣ್ಣಬಣ್ಣದ ಅರಗಿನ ಆ ಕೆಲಸ ಕಾಕಾರ ಅಜ್ಜನಿಂದ ಬಂದದ್ದಂತೆ. ಪಟ್ಟಿಯ ತಲೆ ನಿಮ್ಮ ಚಿತ್ರದಾಗಿದ್ದಂಗ ಕೊರೀತೀನಿ, ಕಂಬಕ್ಕೆ ಮಾತ್ರ ತೊಟ್ಟಿಲ ಕಾಲಿನ ಹಾಗೆ ಕಡೆದ ಗುಬ್ಬಿ ಕೂಡಿಸ್ತೀನಿ ಎಂದರು. ನನಗೂ ಆಸೆ ಹುಟ್ಟಿತು.

ಲೆಕ್ಕ ಕೂತೆವು. ಅಪ್ಪ ಕೊಂಡ ಸೈಟು ಮೂವತ್ತು ನಲವತ್ತರದ್ದು. ಮುಂದಿನ 30 ಫೂಟಿನಲ್ಲಿ ಗೇಟಿಗೆ 4 ಬಿಟ್ಟರೆ 26. ಮೂರು ಇಂಚಿನ ಪಟ್ಟಿ, ಮೂರು ಇಂಚಿನ ಸಂದು. ಒಟ್ಟು 52 ಪಟ್ಟಿ, 5 ಕಂಬ. ಸಾಗವಾನಿಯ ರೇಟು ಕೇಳಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಕಂಬಕ್ಕೆ ಜಾಲಿ, ಪಟ್ಟಿಗೆ ನೀಲಗಿರಿ ಎಂದು ತೀರ್ಮಾನವಾಯಿತು. ಚಕ್ಕಡಿಗೆ, ನೇಗಿಲಿಗೆ ತಡೆಯುವ ಜಾಲಿ ನನ್ನ ಬೇಲಿಗೆ ತಡೆಯದೇ?

ಇನ್ನು ತಗ್ಗಿನ ಮಾತು. ಕಾಕಾ ಅದನ್ನು ಮೂರು ಸಲ ಹೇಳಿದ್ದರು. ಮರೆತೆ ಅನ್ನುವ ನೆಪ ನನಗಿಲ್ಲ. "ಇದು ಎರಿ ಭೂಮಿ ರೀ ಸರ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಬಿರೀತೈತಿ. ಎರಡು ಫೂಟ್ ತಗ್ಗ ತಗದು, ಎರಿ ಮಣ್ಣ ಹೊರಗ ಚೆಲ್ಲಿ, ಗರಸು ಖಡಿ ತುಂಬಿ ದಿಮ್ಮಸ ಹೊಡಸ್ರಿ." ಗರಸು ತರಿಸಬೇಕೆಂದರೆ ಒಂದು ಟ್ರ್ಯಾಕ್ಟರ್ ಲೋಡು. ಮಣ್ಣೊಳಗೆ ಮುಚ್ಚಿಹೋಗುವುದಕ್ಕೆ ಯಾಕೆ ದುಡ್ಡು ಹಾಕಬೇಕು? ಅಗೆದ ಮಣ್ಣನ್ನೇ ತಿರುಗಿ ತುಂಬಿಸಿ, ಕಾಲಿನಿಂದ ನಾಲ್ಕು ಸಲ ತುಳಿದೆ. ಉಳಿದ ದುಡ್ಡು ಐದು ಗುಬ್ಬಿಗಳ ಅರಗಿನ ಬಣ್ಣಕ್ಕೆ ಹೋಯಿತು. ಒರಲಿ ಹತ್ತಬಾರದೆಂದು ಕಂಬದ ಬುಡಕ್ಕೆ ಗ್ಯಾರೇಜಿನ ಹಳೇ ಎಂಜಿನ್ ಎಣ್ಣೆ ಬಳಿದದ್ದೊಂದೇ ನಾನು ಬುಡದ ಬಗ್ಗೆ ತೋರಿಸಿದ ಕಾಳಜಿ.

ಬೇಲಿ ನಿಂತಿತು. ಓಣಿಯ ಜನ ನಿಂತು ನೋಡಿದರು. ಬಾಜೂಮನೆಯ ಮಾಮಾ, "ಏನ್ ತಮ್ಮಾ, ಕಂಪನಿ ನಾಟಕದ ಸೀನರಿ ತಂದು ನಿಲ್ಲಿಸೀಯಲ್ಲ!" ಅಂದರು. ಅದನ್ನಾದರೂ ಸಹಿಸಬಹುದಿತ್ತು. ಕೆಂಪು ಹಳದಿ ಹಸಿರಿನ ಆ ಗುಬ್ಬಿಗಳನ್ನು ನೋಡಿದ ಕಾಯಿಪಲ್ಲೆ ಮಾರುವ ಮುದುಕಿ ನನ್ನ ಹೆಂಡತಿಯ ಕೈ ಹಿಡಿದು, "ಎಷ್ಟನೇ ತಿಂಗಳ ಯವ್ವಾ?" ಎಂದು ಕೇಳಿಬಿಟ್ಟಳು. ನನ್ನ ಹೆಂಡತಿಗೆ ಆಗ 51. ಆ ದಿನ ಮನೆಯಲ್ಲಿ ಅನ್ನಕ್ಕೆ ಸಾರಿರಲಿಲ್ಲ.

ಶಿವರಾತ್ರಿಯ ಬಿಸಿಲು ಬಿತ್ತು ನೋಡಿ, ಪೂರ್ತಿ ಒಣಗದ ನೀಲಗಿರಿ ಪಟ್ಟಿಗಳು ತಿರುಚತೊಡಗಿದವು. ಹೊಲ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತವು. ನೆಲವೂ ಬಿರಿಯಿತು. ಕಂಬದ ಸುತ್ತ ಅಂಗೈ ತೂರುವಷ್ಟು ಸಂದು. ಮಧ್ಯದ ಗುಬ್ಬಿಯ ಮೇಲೆ ಓತಿಕ್ಯಾತವೊಂದು ಠಿಕಾಣಿ ಹೂಡಿ, ನನ್ನನ್ನು ಕಂಡಾಗಲೆಲ್ಲ ತಲೆ ಆಡಿಸುತ್ತಿತ್ತು. ಬೇಲಿಗೆ ಓತಿಕ್ಯಾತ ಸಾಕ್ಷಿ ಅನ್ನುತ್ತಾರಲ್ಲ, ಆ ಸಾಕ್ಷಿಯೂ ನನ್ನ ಪರವಾಗಿ ಇರಲಿಲ್ಲ. ಹಂದಿಗಳು? ತಿರುಚಿದ ಪಟ್ಟಿಗಳ ನಡುವೆ ಮರಿಗಳು, ಗೇಟಿನ ಕೆಳಗೆ ತಾಯಿ. ಸುಖವಾಗಿ ಬಂದು ಹೋಗುತ್ತಿದ್ದವು.

ಹೋಳಿ ಹುಣ್ಣಿಮೆಯ ಹಿಂದಿನ ರಾತ್ರಿ ಓಣಿಯಲ್ಲಿ ಹಲಗಿಯ ಸದ್ದು ಎಂದಿಗಿಂತ ಜೋರಿತ್ತು. ಹುಡುಗರ ಉಮೇದಿ ಛಲೋ ಐತಿ ಎಂದುಕೊಂಡು ಹೊದ್ದು ಮಲಗಿದೆ. ಆ ಸದ್ದು ಯಾತಕ್ಕೆಂದು ಬೆಳಗ್ಗೆ ತಿಳಿಯಿತು. ಕಂಬ ಇದ್ದಲ್ಲಿ ಐದು ತಗ್ಗು, ನಡುವೆ ಒಂಟಿ ಗೇಟು. ಬಿರಿದ ಎರೆಯಿಂದ ಕಂಬಗಳನ್ನು ಮೂಲಂಗಿ ಕಿತ್ತ ಹಾಗೆ ಕಿತ್ತು ಒಯ್ದಿದ್ದರು.

ಕಾಮಣ್ಣನಿಗೆ ಹೋದ ಕಟ್ಟಿಗೆಯನ್ನು ವಾಪಸು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನಾನಂತೂ ಬಾಯಿ ಬಿಡುವ ಹಾಗೇ ಇರಲಿಲ್ಲ. ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಇದೇ ಮಾಮಾರ ಹಿತ್ತಲ ಬಾಗಿಲು ಒಂದು ಹೋಳಿಗೆ ಮಾಯವಾಗಿತ್ತು. ಅದನ್ನು ಒಯ್ದವರು ಯಾರೆಂದು ಅವರು ಇವತ್ತಿಗೂ ವಿಚಾರಿಸುತ್ತಾರೆ.

ಕಾಮದಹನಕ್ಕೆ ಹೋಗಿ ನಿಂತೆ. ಎಂಜಿನ್ ಎಣ್ಣೆ ಕುಡಿದ ಜಾಲಿ ಭಗ್ಗನೆ ಹೊತ್ತಿತು. "ಈ ವರ್ಷ ಕಾಮಣ್ಣ ಏನ್ ಛಲೋ ಉರದ್ನೋ ತಮ್ಮಾ!" ಎಂದರು ಮಾಮಾ. ಅರಗು ಕರಗಿ ಗುಬ್ಬಿಗಳು ಬಣ್ಣಬಣ್ಣವಾಗಿ ಸುರಿದವು. ಸುತ್ತ ನಿಂತವರೆಲ್ಲ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಕೂಗಿದರು. ನಾನೂ ಕೂಗಿದೆ. ಅಷ್ಟು ಮನಸಾರೆ ಕೂಗಿದವನು ಆ ಗುಂಪಿನಲ್ಲಿ ನಾನೊಬ್ಬನೇ ಇರಬೇಕು.

ಅವ್ವ ಪದ್ಧತಿಯಂತೆ ಕಾಮನ ಕೆಂಡ ತಂದು ಒಲೆಗೆ ಹಾಕಿದಳು. ಅದರಲ್ಲೊಂದು ತುಂಡು ಪೂರ್ತಿ ಸುಟ್ಟಿರಲಿಲ್ಲ. ಸಣ್ಣ ಕುತ್ತಿಗೆ, ಈಟಿಯ ಮೊನೆ, ತುದಿಯಲ್ಲಿ ಬೆರಳಷ್ಟು ಬಿಳಿ ಬಣ್ಣ. ಅದರ ಮೇಲೆಯೇ ಕಡಲೆ ಹುರಿದಳು. ಹೆಂಡತಿ ಬೊಗಸೆ ತುಂಬ ತಂದು ನನ್ನ ಮುಂದೆ ಹಿಡಿದಳು.

"ತಗೋರಿ, ಹಿಂಗಾರಿ ಬೆಳಿ ಬಂತು."