ಪುಸ್ತಕದ ಗಂಟು

ನನ್ನ ಮೂರನೇ ಕಾದಂಬರಿ ಬಂದು ಇವತ್ತಿಗೆ ಐದು ವಾರ. ಈ ಐದು ವಾರದಲ್ಲಿ ಅದರ ಬಗ್ಗೆ ಇಲ್ಲಿ 11 ಸಲ ಬರೆದಿದ್ದೇನೆ. ಮುಖಪುಟ ಹಾಕಿದೆ, ಬಿಡುಗಡೆಯ ಫೋಟೊ ಹಾಕಿದೆ, ಓದಿದವರು ಬರೆದ ನಾಲ್ಕು ಮಾತು ಹಾಕಿದೆ, ಬೇಕಾದವರು ವಿಳಾಸ ಕಳಿಸಿ ಅಂತ ಕೇಳಿದೆ. ಮೊನ್ನೆ ಸಂಜೆ ಒಬ್ಬ ಹಿರಿಯರು ಫೋನ್ ಮಾಡಿದ್ದರು. ನನ್ನ ಮೊದಲ ಕಥೆಯಿಂದಲೂ ಓದಿಕೊಂಡು ಬಂದವರು. ಪ್ರೀತಿಯಿಂದಲೇ ಹೇಳಿದರು: "ನೋಡಮ್ಮಾ, ಒಳ್ಳೆ ಪುಸ್ತಕಕ್ಕೆ ಓದುಗರು ತಾವಾಗೇ ಬರ್ತಾರೆ. ಬರೆದವರೇ ಹೀಗೆ ಮಾರೋಕೆ ನಿಂತ್ರೆ ಚೆನ್ನಾಗಿ ಕಾಣೋಲ್ಲ."

ಆಗ ನಾನು ಏನೂ ಹೇಳಲಿಲ್ಲ. ಒಲೆ ಮೇಲೆ ಹಾಲಿತ್ತು, ಮಗ ಮಗ್ಗಿ ಒಪ್ಪಿಸಲು ಕಾಯುತ್ತಿದ್ದ. ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ತವರು ಹಾವೇರಿ ಜಿಲ್ಲೆ. ವರದಾ ನದಿ ತುಂಗಭದ್ರೆಯನ್ನು ಸೇರುವ ಕಡೆ ಗಳಗನಾಥ ಅನ್ನುವ ಊರಿದೆ. ವೆಂಕಟೇಶ ತಿರಕೋ ಕುಲಕರ್ಣಿ ಅಲ್ಲಿಯವರು. ಊರಿನ ಹೆಸರೇ ಅವರ ಹೆಸರಾಗಿ ಉಳಿಯಿತು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಗಳಗನಾಥರನ್ನು ಕನ್ನಡ ಕಾದಂಬರಿಯ ಪಿತಾಮಹ ಅಂತ ಕರೆಯುತ್ತೇವೆ. ಕನ್ನಡ ಶಾಲೆಯ ಮಾಸ್ತರು. ಬರೆದರು, ಅಚ್ಚು ಹಾಕಿಸಿದರು, ಆಮೇಲೆ ಪುಸ್ತಕದ ಗಂಟು ಹೊತ್ತು ಊರೂರು ಸುತ್ತಿ ಮಾರಿದರು. ನಮ್ಮ ಅಜ್ಜ ತನ್ನ ಅಪ್ಪನಿಂದ ಕೇಳಿದ್ದನ್ನು ನನಗೆ ಹೇಳುತ್ತಿದ್ದ. "ಬಿಸಲಾಗ ಗಂಟು ಹೊತ್ಕೊಂಡು ಬರ್ತಿದ್ರಂತ ನೋಡವಾ. ಕಟ್ಟಿಮ್ಯಾಲೆ ಕುಂತು ಓದಿ ತೋರಸ್ತಿದ್ರಂತ." ಕಟ್ಟೆ ಮೇಲೆ ಓದಿ ತೋರಿಸುತ್ತಿದ್ದರೋ ಇಲ್ಲವೋ, ಅದು ಅಜ್ಜನ ಮಾತು. ಗಂಟು ಹೊತ್ತಿದ್ದು ಮಾತ್ರ ನಾಡಿಗೇ ಗೊತ್ತು.

ಅಂದರೆ ನಮ್ಮಲ್ಲಿ ಕಾದಂಬರಿ ಹುಟ್ಟಿದ್ದೇ ಬರೆದವರ ಹೆಗಲ ಮೇಲೆ. ನಂಜನಗೂಡಿನ ತಿರುಮಲಾಂಬ ಬಾಲವಿಧವೆ. 1910ರ ದಶಕದಲ್ಲೇ ಸತೀಹಿತೈಷಿಣೀ ಅನ್ನುವ ಗ್ರಂಥಮಾಲೆ ಶುರುಮಾಡಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಕಟ್ಟಿದ್ದು ಚಂದಾದಾರರನ್ನು ನಂಬಿಕೊಂಡು. ಮೊದಲು ದುಡ್ಡು ಕೊಡಿ, ಆಮೇಲೆ ವರ್ಷವಿಡೀ ಪುಸ್ತಕ ಬರುತ್ತದೆ. ಸಾರಾ ಅಬೂಬಕ್ಕರ್ ನಾಲ್ಕು ಗಂಡುಮಕ್ಕಳನ್ನು ಬೆಳೆಸಿದ ಮೇಲೆ ಕಾದಂಬರಿಗೆ ಬಂದವರು. ಅವರ ಮೊದಲ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಮುಂದೆ ಅವರು ಮಂಗಳೂರಿನಲ್ಲಿ ಚಂದ್ರಗಿರಿ ಪ್ರಕಾಶನ ಅಂತ ತಮ್ಮದೇ ಪ್ರಕಾಶನ ನಡೆಸಿದರು. ಇವರಲ್ಲಿ ಯಾರ ಪುಸ್ತಕಕ್ಕೂ ಓದುಗರು ತಾವಾಗೇ ನಡೆದು ಬರಲಿಲ್ಲ. ಯಾರೋ ಹೋಗಿ ಕರೆದುಕೊಂಡು ಬಂದರು.

ನಡುವೆ ಒಂದು ಕಾಲ ಬೇರೆಯಾಗಿತ್ತು, ನಿಜ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರುತ್ತಿತ್ತು. ಬೀದಿಗೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ನಮ್ಮಮ್ಮ ಸುಧಾ, ತರಂಗ ಬರುವ ದಿನ ಮಧ್ಯಾಹ್ನದ ಕೆಲಸ ಬೇಗ ಮುಗಿಸುತ್ತಿದ್ದಳು. ಆಗ ಹುಡುಕಿಕೊಂಡು ಹೋಗುವ ಕೆಲಸವನ್ನು ಪತ್ರಿಕೆ ಮಾಡುತ್ತಿತ್ತು. ನನಗೆ ಫೋನ್ ಮಾಡಿದ ಹಿರಿಯರ ಮನಸ್ಸಿನಲ್ಲಿರುವುದು ಆ ಕಾಲ. ಈಗ ಆ ಲೈಬ್ರರಿಗಳು ಹೆಚ್ಚುಕಮ್ಮಿ ಮುಚ್ಚಿವೆ. ಗಂಟು ಮತ್ತೆ ನಮ್ಮ ಹೆಗಲಿಗೇ ಬಂದಿದೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಯಾಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ಪುಸ್ತಕದ ಬೆಲೆ 280 ರೂಪಾಯಿ. ಅಚ್ಚಾಗಿರುವುದು 1000 ಪ್ರತಿ. ಗೌರವಧನ ನೂರಕ್ಕೆ ಹತ್ತು. ಗ್ರಂಥಾಲಯಗಳ ಸಗಟು ಖರೀದಿಗೆ ಆಯ್ಕೆಯಾದರೆ 300 ಪ್ರತಿ ಹೋಗುತ್ತದೆ. ಉಳಿದದ್ದು ಒಂದೊಂದಾಗಿ ಹೋಗಬೇಕು. ಎಲ್ಲವೂ ಖರ್ಚಾದರೆ ನನಗೆ 28,000 ರೂಪಾಯಿ ಬರುತ್ತದೆ. ಅದಕ್ಕೆ ಎರಡು ಮೂರು ವರ್ಷ ಬೇಕು. ಬರೆಯಲು ತೆಗೆದುಕೊಂಡದ್ದು ನಾಲ್ಕು ವರ್ಷ. ತಿಂಗಳಿಗೆ ಹಂಚಿದರೆ 600 ರೂಪಾಯಿಯೂ ಆಗುವುದಿಲ್ಲ. ಪುಸ್ತಕಗಳಿಗೆಂದೇ ಇದ್ದ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಈಗ ಒಂದು ಪುಸ್ತಕ ಕಳಿಸುವುದೂ ಯೋಚನೆಯ ವಿಷಯ. ಇದರ ನಡುವೆ "ಒಂದು ಪ್ರತಿ ಕಳಿಸಿ, ಓದಿ ಅಭಿಪ್ರಾಯ ಹೇಳ್ತೀನಿ" ಅನ್ನುವ ಮೆಸೇಜುಗಳು. ದಯವಿಟ್ಟು ಹಾಗೆ ಕೇಳಬೇಡಿ. ಪರಿಚಯದವರ ಬಟ್ಟೆ ಅಂಗಡಿಗೆ ಹೋಗಿ ಒಂದು ಸೀರೆ ಸುಮ್ನೆ ಕೊಡಿ, ಉಟ್ಟು ಹೇಳ್ತೀನಿ ಅಂತ ನಾವು ಕೇಳುವುದಿಲ್ಲ, ಅಲ್ವಾ?

ಆದರೆ ನನ್ನನ್ನು ಕಾಡುವುದು ದುಡ್ಡಲ್ಲ. ಹೊತ್ತು.

ನಾನು ಬರೆಯುವುದು ಬೆಳಗಿನ ಜಾವ 4.30ರಿಂದ 6ರವರೆಗೆ. ಆರಕ್ಕೆ ಹಾಲಿನವರು ಬರುತ್ತಾರೆ. ಆಮೇಲೆ ಮೂರು ಡಬ್ಬಿ, ಎರಡು ಯೂನಿಫಾರ್ಮ್, ಅತ್ತೆಯ ಮಾತ್ರೆ. ಕಳೆದ ಕಾದಂಬರಿಯ ಕೊನೆಯ ಅಧ್ಯಾಯದ ಅರ್ಧ ಭಾಗವನ್ನು ದಿನಸಿ ಚೀಟಿ ಬರೆಯುವ ನೋಟ್‌ಬುಕ್ಕಿನಲ್ಲಿ ಬರೆದೆ, ತೊಗರಿಬೇಳೆ ಎರಡು ಕೆಜಿ ಅನ್ನುವ ಸಾಲಿನ ಕೆಳಗೆ. ಪುಸ್ತಕ ಬಂದ ಮೇಲೆ ಆ ಒಂದೂವರೆ ಗಂಟೆಯೂ ಹೋಗಿದೆ. ಆರ್ಡರ್ ಬರೆದುಕೊಳ್ಳಬೇಕು, ಪಾರ್ಸೆಲ್ ಕಟ್ಟಬೇಕು, ಬಂದ ಮಾತುಗಳಿಗೆ ಉತ್ತರಿಸಬೇಕು. ಐದು ವಾರದಿಂದ ಹೊಸದಾಗಿ ಒಂದು ಸಾಲನ್ನೂ ಬರೆದಿಲ್ಲ. ಬರೆದದ್ದನ್ನು ಮಾರಲು ಹೋದರೆ ಬರೆಯಲು ಹೊತ್ತಿಲ್ಲ. ಮಾರದೆ ಬಿಟ್ಟರೆ ಮುಂದಿನದ್ದನ್ನು ಅಚ್ಚು ಹಾಕುವವರಿಲ್ಲ.

ಬಿಡುಗಡೆ ಬೆಂಗಳೂರಿನಲ್ಲಿತ್ತು. ಹಿಂದಿನ ರಾತ್ರಿ ಮಗನಿಗೆ 102 ಜ್ವರ. ಅವನಿಗೆ ಆರು ವರ್ಷ. ಬೆಳಗ್ಗೆ ಐದಕ್ಕೆ ಮೈಸೂರು ಬಿಡಬೇಕು. ನಾನು ಸೀರೆ ಉಟ್ಟು ಅವನ ಮಂಚದ ಪಕ್ಕ ನಿಂತಿದ್ದೆ, ಕಾಲು ಏಳುತ್ತಿರಲಿಲ್ಲ. ಅತ್ತೆ ಹೇಳಿದರು, "ನೀನು ಹೋಗ್ಬಾಮ್ಮ, ನಾನಿಲ್ವಾ. ನಾಲ್ಕು ವರ್ಷ ಬರ್ದಿದ್ದೀಯ." ಹೋದೆ. ವೇದಿಕೆಯ ಮೇಲೆ ಕೂತು ಕೈಚೀಲದೊಳಗೆ ಫೋನ್ ನೋಡುತ್ತಿದ್ದೆ. ನಮ್ಮನೆಯವರು ಗಂಟೆಗೊಂದು ಮೆಸೇಜ್ ಹಾಕುತ್ತಿದ್ದರು: 101, 100, ಗಂಜಿ ಕುಡಿದ. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬಂದು, "ಮನೆ, ಮಕ್ಕಳು, ಬರವಣಿಗೆ ಎಲ್ಲವನ್ನೂ ಹೇಗೆ ನಿಭಾಯಿಸ್ತೀರಿ ಮೇಡಂ?" ಅಂತ ಕೇಳಿದರು. ನಿಭಾಯಿಸಿದ್ದು ನಾನಲ್ಲ. ಒದ್ದೆಬಟ್ಟೆ ಹಿಂಡಿ ಅವನ ಹಣೆ ಮೇಲೆ ಹಾಕುತ್ತಾ ಕೂತಿದ್ದವರನ್ನು ಯಾರೂ ವೇದಿಕೆಗೆ ಕರೆದಿರಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಕಾದಂಬರಿಕಾರರಿಗೆ ಆ ಪ್ರಶ್ನೆ ಹೋಗಲಿಲ್ಲ. ಅವರಿಗೂ ಇಬ್ಬರು ಮಕ್ಕಳಿದ್ದಾರೆ. ಅವರನ್ನೂ ಕೇಳಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಅವರ ಮನೆಯಲ್ಲೂ ಯಾರೋ ಒದ್ದೆಬಟ್ಟೆ ಹಿಂಡಿರುತ್ತಾರೆ.

ಮನೆ ಕೊಡುವುದು ಹೊತ್ತನ್ನಷ್ಟೇ ಅಲ್ಲ. ಇದನ್ನು ಈ ಸಲ ಮಗಳಿಂದ ಕಲಿತೆ. ಅವಳಿಗೆ ಹದಿಮೂರು. ನನ್ನ ಕಾದಂಬರಿಯನ್ನು ಮೊದಲ ಸಲ ಪೂರ್ತಿ ಓದಿದಳು. ಅದರಲ್ಲಿ ಒಬ್ಬ ಹುಡುಗಿ ಅಳುತ್ತಾ ತನ್ನ ತಾಯಿಗೆ ಒಂದು ಮಾತು ಹೇಳುತ್ತಾಳೆ. ಅದು ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ನನಗೇ ಹೇಳಿದ್ದ ಮಾತು. ನನಗೆ ಅದು ನೆನಪಿನಲ್ಲಿ ಇಳಿದು, ಕರಗಿ, ಪಾತ್ರದ ಮಾತೇ ಆಗಿಹೋಗಿತ್ತು. ಅವಳಿಗೆ ಹಾಗಾಗಿರಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅಡುಗೆಮನೆಗೆ ಬಂದು, "ಅಮ್ಮಾ, ಅದು ನನ್ನದು" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಎಂ.ಕೆ. ಇಂದಿರಾ ಅವರು ಫಣಿಯಮ್ಮನನ್ನು ಬರೆದದ್ದು ತಮ್ಮ ಮನೆತನದಲ್ಲೇ ಬದುಕಿ ಹೋದ ಒಬ್ಬ ಹೆಂಗಸಿನ ಕಥೆಯನ್ನು ತಾಯಿಯಿಂದ ಕೇಳಿ. ಆ ಕಥೆ ಬರದೇ ಹೋಗಿದ್ದರೆ ಕನ್ನಡ ಬಡವಾಗುತ್ತಿತ್ತು. ಆದರೆ ಬರುವಷ್ಟರಲ್ಲಿ ಫಣಿಯಮ್ಮ ಇರಲಿಲ್ಲ. ನನ್ನ ಮಗಳು ಇದ್ದಾಳೆ, ನಾಳೆ ಕ್ಲಾಸಿಗೆ ಹೋಗುತ್ತಾಳೆ, ಅವಳ ಟೀಚರ್ ನನ್ನ ಪುಸ್ತಕ ಕೊಂಡಿದ್ದಾರೆ. ನಾನು ಅವಳ ಹತ್ತಿರ ಕ್ಷಮೆ ಕೇಳಿದೆ. ಇನ್ನು ಮುಂದೆ ಮನೆಯ ಮಾತು ಪುಸ್ತಕಕ್ಕೆ ಹೋಗುವ ಮೊದಲು ಆಡಿದವರಿಗೆ ಓದಿ ತೋರಿಸುತ್ತೇನೆ ಅಂತ ಮಾತು ಕೊಟ್ಟೆ. ಇಲ್ಲಿ ಇದನ್ನು ಬರೆಯುವ ಮುಂಚೆಯೂ ಅವಳಿಗೆ ತೋರಿಸಿದ್ದೇನೆ. ಎರಡು ಸಾಲು ತೆಗೆಸಿದಳು.

ತ್ರಿವೇಣಿಯವರ ಮನೆ ಇಲ್ಲೇ ಚಾಮುಂಡಿಪುರದಲ್ಲಿದೆ. ಆ ಕಡೆ ಹೋದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಹತ್ತು ಹನ್ನೆರಡು ವರ್ಷದಲ್ಲಿ ಸುಮಾರು 20 ಕಾದಂಬರಿ ಬರೆದರು. ಹೆರಿಗೆಯಾದ ಮೇಲೆ ಮನಸ್ಸು ಕೆಟ್ಟ ಹೆಣ್ಣಿಗೆ ಏನಾಗುತ್ತದೆ, ಅವಳು ವಾಸಿಯಾಗಿ ಬಂದರೂ ಮನೆ ಅವಳನ್ನು ಹೇಗೆ ನೋಡುತ್ತದೆ ಅಂತ ಯಾರೂ ಮಾತಾಡದ ದಿನಗಳಲ್ಲಿ ಬರೆದರು. 1963ರ ಜುಲೈನಲ್ಲಿ ಮಗಳು ಹುಟ್ಟಿದ ಕೆಲವೇ ದಿನಗಳಿಗೆ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಅದೇ 1963ರಲ್ಲಿ ಇಂದಿರಾ ಅವರ ಮೊದಲ ಕಾದಂಬರಿ ಬಂತು. ಅವರಿಗೆ ಆಗ 46. ಸಣ್ಣ ವಯಸ್ಸಿಗೇ ಮದುವೆಯಾಗಿ, ಸಂಸಾರದಲ್ಲಿ ಮುಳುಗಿ, 45 ದಾಟಿದ ಮೇಲೆ ಪೆನ್ನು ಹಿಡಿದವರು. ಒಬ್ಬರಿಗೆ ಹೊತ್ತು ಬೇಗ ಮುಗಿಯಿತು, ಇನ್ನೊಬ್ಬರಿಗೆ ತಡವಾಗಿ ಸಿಕ್ಕಿತು. ಇಂದಿರಾ ಅವರಿಗೆ 30ರಲ್ಲೇ ದಿನಕ್ಕೆ ಒಂದು ಗಂಟೆ ಸಿಕ್ಕಿದ್ದರೆ ಇನ್ನೆಷ್ಟು ಬರುತ್ತಿತ್ತೋ.

ರಾತ್ರಿ ಮಗನಿಗೆ ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ಓದುತ್ತೇನೆ. ತಿಂಗಳಿಗೊಂದರಂತೆ 12 ಸಂಪುಟ. ವೈದ್ಯೆ, ಕಾದಂಬರಿಕಾರ್ತಿ, ಇಬ್ಬರು ಹೆಣ್ಣುಮಕ್ಕಳ ತಾಯಿ, ಗಂಡ ನಿರಂಜನರೂ ಕಾದಂಬರಿಕಾರರು. ಇಷ್ಟರ ನಡುವೆ ವರ್ಷದ ಪ್ರತಿ ರಾತ್ರಿಗೂ ಆಗುವಷ್ಟು ಕಥೆಗಳನ್ನು ಮಕ್ಕಳಿಗೆ ಇಟ್ಟು ಹೋದರು. ನಿದ್ದೆ ಬಂದರೂ ಮಗ "ಇನ್ನೊಂದು" ಅನ್ನುತ್ತಾನೆ. ನಾನು ಓದುತ್ತೇನೆ.

ಹಾಗಾಗಿ ಆ ಹಿರಿಯರಿಗೆ ನನ್ನ ಮಾತು ಇಷ್ಟೇ. ಸರ್, ಈ ಪುಸ್ತಕಕ್ಕಾಗಿ ನನ್ನ ಅತ್ತೆ ನಿದ್ದೆ ಕೆಟ್ಟಿದ್ದಾರೆ. ನಮ್ಮನೆಯವರು ನಾಲ್ಕು ವರ್ಷ ಭಾನುವಾರದ ಅಡುಗೆ ಮಾಡಿದ್ದಾರೆ. ಮಗಳ ಒಂದು ನೋವು ಅದರೊಳಗೆ ಕೂತಿದೆ. ಅದು ಗೋದಾಮಿನಲ್ಲಿ ಧೂಳು ತಿನ್ನಲು ನಾನು ಬಿಡುವುದಿಲ್ಲ. ಹನ್ನೆರಡನೇ ಸಲವೂ ಬರೆಯುತ್ತೇನೆ. ಬೇಕಾದವರು ವಿಳಾಸ ಕಳಿಸಿ, ಪಿನ್‌ಕೋಡ್ ಮರೆಯಬೇಡಿ. ಕೊಳ್ಳಲು ಆಗದಿದ್ದರೆ ನಿಮ್ಮೂರಿನ ಲೈಬ್ರರಿಯಲ್ಲಿ ತರಿಸಿ ಅಂತ ಕೇಳಿ. ಓದಿ ಹಿಡಿಸದಿದ್ದರೆ ಅದನ್ನೂ ಹೇಳಿ.

ಈಗ ಊಟದ ಮೇಜಿನ ಮೇಲೆ 14 ಪಾರ್ಸೆಲ್ ಇವೆ. ವಿಳಾಸ ಬರೆಯುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ, ನನ್ನ ಅಕ್ಷರ ಪೋಸ್ಟ್‌ಮ್ಯಾನ್‌ಗೆ ತಿಳಿಯೋಲ್ಲವಂತೆ. ಮಗ ಗೋಂದು ಹಚ್ಚುತ್ತಿದ್ದಾನೆ. ಒಂದು ಪಾರ್ಸೆಲ್ ಹಾವೇರಿಗೆ. ಪೋಸ್ಟ್ ಆಫೀಸ್ ಮುಚ್ಚುವುದರೊಳಗೆ ಹೋಗಿ ಬರುತ್ತೇನೆ.