ಏರಿಗೆ ಕುದುರೆ, ಇಳಿಜಾರಿಗೆ ಸೈಕಲ್

ಆ ಜಾಹೀರಾತು ನಿಮಗೂ ಬಂದಿರಬೇಕು. ನಮ್ಮ ಅಕ್ಕಲಕೋಟೆಯ ವಾಟ್ಸಾಪ್ ಗ್ರೂಪುಗಳಲ್ಲಂತೂ ಅದರದ್ದೇ ಸುದ್ದಿ. ಸ್ಪೇನ್ ದೇಶದ ಸಾಂತಿಯಾಗೊ ಊರಿನ ಚರ್ಚಿಗೆ ಕ್ರೈಸ್ತರು ಹೋಗುವ ಯಾತ್ರೆ. ಜೊತೆಗೆ ಗೈಡು. ಸ್ವಲ್ಪ ನಡಿಗೆ, ಸ್ವಲ್ಪ ಕುದುರೆ, ಸ್ವಲ್ಪ ಸೈಕಲ್. ಲಗೇಜು ವ್ಯಾನಿನಲ್ಲಿ ಮುಂದೆ ಹೋಗಿರುತ್ತದೆ. ರಾತ್ರಿ ಬಿಸಿನೀರು, ಮೆತ್ತನೆ ಹಾಸಿಗೆ, ಊಟದ ಜೊತೆ ವೈನು. ಕೆಳಗೆ ದಪ್ಪ ಅಕ್ಷರದಲ್ಲಿ: ಪುಣ್ಯದ ಜೊತೆ ಫಿಟ್‌ನೆಸ್.

ಬೈಯುವುದು ಆಮೇಲೆ ಇದ್ದೇ ಇದೆ, ಮೊದಲು ಹೊಗಳಿಬಿಡೋಣ. ನಮ್ಮ ಹಿರಿಯರಿಗೆ ಈ ಬುದ್ಧಿ ಹೊಳೆದಿರಲಿಲ್ಲ. ಯಾತ್ರೆ ಅಂದರೆ ಕಾಲು ನೋಯಲೇಬೇಕು ಅಂತ ಅವರು ಸುಮ್ನೆ ನಂಬಿದ್ದರು. ಈ ಕಂಪನಿಯವರು ನೋವನ್ನೇ ಪ್ಯಾಕೇಜಿನಿಂದ ತೆಗೆದುಹಾಕಿದ್ದಾರೆ. ದಾರಿಯಲ್ಲಿ ಓ ಸೆಬ್ರೆರೊ ಅನ್ನುವ ಬೆಟ್ಟದೂರು ಇದೆ, ಸುಮಾರು 1,300 ಮೀಟರ್ ಎತ್ತರ. ಕಾಲುನಡಿಗೆಯವರಿಗೆ ಅಲ್ಲಿ ದೇವರಿಗಿಂತ ಮೊದಲು ನಕ್ಷತ್ರ ಕಾಣಿಸುತ್ತವೆ. ಪ್ಯಾಕೇಜಿನವರಿಗೆ ಬುಡದಲ್ಲೇ ಕುದುರೆ ಸಿದ್ಧ. ಏದುಸಿರು ಕುದುರೆಗೆ, ಪುಣ್ಯ ನಿಮಗೆ. ಇಳಿಜಾರು ಬಂದಾಗ ಸೈಕಲ್. ಬುರ್ಗೋಸ್ ಮತ್ತು ಲೆಯೋನ್ ನಡುವೆ ಗಿಡಮರವಿಲ್ಲದ ಗೋಧಿಯ ಬಯಲು ಇದೆಯಲ್ಲ, ದಿನಗಟ್ಟಲೆ ನಡೆದರೂ ಮುಗಿಯದ್ದು, ಅದನ್ನು ವ್ಯಾನಿನಲ್ಲಿ ದಾಟಿಸುತ್ತಾರಂತೆ. ನೋಡಿದವರಿಗೆ ಬೇಸರ ಬರುತ್ತದೆ ಅಂತ. ಇದೇ ನಿಯಮ ಇಲ್ಲಿಗೂ ತಂದರೆ ನಮ್ಮ ಸೊಲ್ಲಾಪುರ ಜಿಲ್ಲೆಯನ್ನು ಪೂರ್ತಿ ವ್ಯಾನಿನಲ್ಲೇ ದಾಟಿಸಬೇಕಾಗುತ್ತದೆ.

ಆದರೆ ಸಾಂತಿಯಾಗೊದ ಚರ್ಚಿನವರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಅವರ ಲೆಕ್ಕ ಕಟ್ಟುನಿಟ್ಟು. ನಡೆದರೆ ಅಥವಾ ಕುದುರೆ ಏರಿದರೆ ಕನಿಷ್ಠ 100 ಕಿಲೋಮೀಟರ್, ಸೈಕಲ್ಲಾದರೆ 200. ಕೈಯಲ್ಲೊಂದು ಪುಸ್ತಿಕೆ ಇರಬೇಕು. ದಾರಿಯ ಚರ್ಚು, ಛತ್ರ, ಚಹಾದಂಗಡಿಗಳಲ್ಲಿ ದಿನಕ್ಕೆ ಎರಡಾದರೂ ಮೊಹರು ಒತ್ತಿಸಿಕೊಳ್ಳಬೇಕು. ಆಗಲೇ ಲ್ಯಾಟಿನ್‌ನಲ್ಲಿ ಬರೆದ ಸರ್ಟಿಫಿಕೇಟು. 2024ರಲ್ಲಿ ಸುಮಾರು 5 ಲಕ್ಷ ಜನ ಅದನ್ನು ಪಡೆದರು. ಅವರಲ್ಲಿ ಬಹಳಷ್ಟು ಜನ ಹೊರಡುವುದು ಸಾರಿಯಾ ಅನ್ನುವ ಊರಿಂದ. ಯಾಕೆ? ಅಲ್ಲಿಂದ ಸಾಂತಿಯಾಗೊಗೆ 115 ಕಿಲೋಮೀಟರ್ ಆಸುಪಾಸು. ನೂರಕ್ಕೆ ಮೇಲೆ ಹದಿನೈದು, ಅಷ್ಟೇ. ಪುಣ್ಯದಲ್ಲೂ ಪಾಸ್ ಮಾರ್ಕಿಗೆ ಓದುವವರು ಎಲ್ಲ ದೇಶದಲ್ಲೂ ಇದ್ದಾರೆ ಅಲ್ವಾ?

ಇನ್ನು ಕುದುರೆ ವಿಷಯ. ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಕುದುರೆ ಅಂದರೆ ನನಗೆ ನೆನಪಾಗುವುದು ಅಂಕಲಿ. ಬೆಳಗಾವಿ ಜಿಲ್ಲೆ, ಚಿಕ್ಕೋಡಿ ಕಡೆಯ ಊರು. ಅಲ್ಲಿಯ ಶಿತೋಳೆ ಸರದಾರರ ಮನೆಯಿಂದ ಪ್ರತಿ ವರ್ಷ ಎರಡು ಕುದುರೆ ಪುಣೆ ಹತ್ತಿರದ ಆಳಂದಿಗೆ, ಸಂತ ಜ್ಞಾನೇಶ್ವರರ ಸಮಾಧಿ ಇರುವ ಊರಿಗೆ, ಹೊರಡುತ್ತವೆ. ಸುಮಾರು 300 ಕಿಲೋಮೀಟರ್, ಲಾರಿಯಲ್ಲಲ್ಲ, ನಡೆದೇ. ಹೈಬತ್ ಬಾಬಾ 19ನೇ ಶತಮಾನದಲ್ಲಿ ಜ್ಞಾನೇಶ್ವರರ ಪಾದುಕೆ ಒಯ್ಯುವ ಪಾಲಖಿ ಶುರು ಮಾಡಿದ ಕಾಲದಿಂದ ಬಂದ ಮಾನ ಇದು. ಆಮೇಲೆ ಆ ಕುದುರೆಗಳು ಪಾಲಖಿಯ ಜೊತೆ ಆಳಂದಿಯಿಂದ ಪಂಢರಪುರದವರೆಗೆ ಮತ್ತೆ ನಡೆಯುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ. ಖಾಲಿ ಅಂತ ನಮಗೆ ಕಾಣುತ್ತದೆ. ಅದರ ಮೇಲೆ ಮಾವುಲಿ, ಅಂದರೆ ಜ್ಞಾನೇಶ್ವರರು ಕೂತಿದ್ದಾರೆ ಅಂತ ಲಕ್ಷಾಂತರ ಜನಕ್ಕೆ ಗೊತ್ತು.

ರಿಂಗಣ ನೋಡಿದ್ದೀರಾ? ಹೊಲದಲ್ಲಿ ದೊಡ್ಡ ವರ್ತುಲ ಬಿಟ್ಟು ಜನ ಸುತ್ತ ನಿಲ್ಲುತ್ತಾರೆ. ಪತಾಕೆಯವರು ಓಡುತ್ತಾರೆ. ತಲೆ ಮೇಲೆ ತುಳಸಿ ಕಟ್ಟೆ ಹೊತ್ತ ಅಜ್ಜಿಯಂದಿರು ಒಂದು ಕೈಯಲ್ಲಿ ಸೆರಗು ಸಿಗಿಸಿಕೊಂಡು ಓಡುತ್ತಾರೆ. ಕೊನೆಗೆ ಕುದುರೆಗಳು. ಸವಾರನಿದ್ದ ಕುದುರೆ ಮುಂದೆ, ಖಾಲಿ ಬೆನ್ನಿನದು ಹಿಂದೆ. ಖಾಲಿ ಬೆನ್ನಿನದು ಸವಾರನದನ್ನು ಹಿಂದೆ ಹಾಕಿದಾಗ ಏಳುವ ಕೂಗು ಪಕ್ಕದ ತಾಲೂಕಿಗೂ ಕೇಳಬೇಕು. ಓಟ ಮುಗಿದದ್ದೇ ಜನ ನೆಲಕ್ಕೆ ಬೀಳುತ್ತಾರೆ. ಗೊರಸು ಊರಿದ ಜಾಗದ ಮಣ್ಣು ಚಿವುಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ, ಸ್ವಲ್ಪ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೆ. ಕುದುರೆಯ ಮೇಲೆ ಕೂರುವ ಯೋಚನೆ ಅಲ್ಲಿ ಯಾರ ತಲೆಗೂ ಬರುವುದಿಲ್ಲ. ಅದರ ಕಾಲ ಧೂಳು ಸಿಕ್ಕರೆ ಸಾಕಾಗಿರುತ್ತದೆ.

ಈಗ ನಮ್ಮ ಪೇಟೆಯ ಒಬ್ಬ ತರುಣ ಉದ್ಯಮಿಗೆ ಹೊಸ ಹುರುಪು ಬಂದಿದೆ. ಸ್ಪೇನಿನದ್ದನ್ನು ಇಲ್ಲೂ ಮಾಡೋಣ ಅನ್ನುತ್ತಾನೆ. ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸೈಕಲ್, ಅಲ್ಲಿಂದ ಮಂಗಳವೇಢೆಗೆ ಕುದುರೆ, ಕೊನೆಗೆ ಪಂಢರಪುರದ ಚಂದ್ರಭಾಗಾ ಹೊಳೆಯ ಮರಳಲ್ಲಿ ಒಂದಿಷ್ಟು ನಡಿಗೆ, ಡ್ರೋನ್ ಫೋಟೋ ಸಮೇತ. ಆಷಾಢದ ವಾರಿಗೆ, ಅಂದರೆ ಪಂಢರಪುರದ ಕಾಲುನಡಿಗೆ ಯಾತ್ರೆಗೆ, ವರ್ಷ ತಪ್ಪದೆ ನಡೆಯುವ ನಮ್ಮ ಓಣಿಯ ಕಾಕಾನನ್ನು ಸಲಹೆ ಕೇಳಲು ಬಂದಿದ್ದ. ಕಾಕಾ ಅಡಿಕೆ ಕತ್ತರಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಛಲೋ ಐತಿ ತಮ್ಮಾ. ಎಲ್ಲಾರಿಗೂ ಕುಂಡ್ರಾಕ ಏರ್ಪಾಡು ಮಾಡಿದಿ. ನಮ್ಮ ವಿಠ್ಠಲ ಇಟ್ಟಂಗಿ ಮ್ಯಾಲ ನಿಂತು ಎಷ್ಟ ವರ್ಷಾತು? ಮೊದಲ ಅವಗೊಂದು ಕುರ್ಚಿ ಒಯ್ಯಿ."

ಹುಡುಗ ನಕ್ಕ. ಆದರೂ ಕಾರ್ಡು ಕೊಟ್ಟು ಹೋದ.

ಹಾಗಂತ ನಮ್ಮವರೆಲ್ಲ ಬರಿಗಾಲ ಸಂತರು ಅನ್ನುವ ಹಾಗಿಲ್ಲ. ಭಜನೆ ಮಾಡುತ್ತ ನಡೆಯುವ ಗುಂಪು, ಅಂದರೆ ದಿಂಡಿಯ ಹಿಂದೆಯೂ ಟ್ರಕ್ ಇರುತ್ತದೆ. ಡೇರೆ, ಪಾತ್ರೆ, ಅಕ್ಕಿ ಮೂಟೆ, ಎಲ್ಲ ಅದರಲ್ಲೇ. ಪುಣೆಯ ಐಟಿ ಮಂದಿ ಒಂದು ದಿನ ದಿವೆ ಘಾಟ್ ಹತ್ತಿ, ಹಣೆಗೆ ಬುಕ್ಕಾದ ಕಪ್ಪು ಪುಡಿ ಹಚ್ಚಿ, ಸಂಜೆ ಕ್ಯಾಬಿನಲ್ಲಿ ಮನೆ ಸೇರುತ್ತಾರೆ. ಸೈಕಲ್ ವಾರಿಯೂ ಬಂದು ವರ್ಷಗಳಾದವು. ಅದರಲ್ಲಿ ನನಗೇನೂ ತಕರಾರಿಲ್ಲ. ನಾಸಿಕದಿಂದ ಪಂಢರಪುರಕ್ಕೆ ಪೆಡಲ್ ತುಳಿಯುವುದು ಹುಡುಗಾಟವಲ್ಲ.

ನನಗೆ ನಗು ಬರುವುದು ಸರ್ಕಾರಿ ಪುಣ್ಯ ನೋಡಿದಾಗ. ಆಷಾಢ ಏಕಾದಶಿಯ ನಸುಕಿನಲ್ಲಿ ಪಂಢರಪುರದ ಗುಡಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದಂಪತಿಯಿಂದ ಮಹಾಪೂಜೆ. ಸಾಲಿನಲ್ಲಿ ನಿಂತ ಒಂದು ಜೋಡಿಯನ್ನು ಆರಿಸಿ ಅವರ ಪಕ್ಕ ಕೂರಿಸುತ್ತಾರೆ. ಮಾನದ ವಾರಕರಿ ಅಂತ ಅವರ ಹೆಸರು. ಬಹುಮಾನ ಏನು ಗೊತ್ತೇ? ಒಂದು ವರ್ಷ ಎಸ್‌ಟಿ, ಅಂದರೆ ಸರ್ಕಾರಿ ಬಸ್ಸಿನ ಪುಕ್ಕಟೆ ಪಾಸು! ದಿನಗಟ್ಟಲೆ ನಡೆದು ಬಂದವನಿಗೆ ಬಸ್ ಪಾಸು. ನಡೆದದ್ದು ಸಾಕು ಮಾರಾಯ, ಇನ್ನಾದರೂ ಕೂತು ಹೋಗು ಅಂತ ಸರ್ಕಾರದ ಕಳಕಳಿ.

ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಅನ್ನುವುದರಲ್ಲಿ ನಮ್ಮವರಿಗೆ ಯಾವತ್ತೂ ಭಾರಿ ಅನುಭವ. ಮಂಗಳವೇಢೆಯ ದಲಿತ ಸಂತ ಚೋಖಾಮೇಳ ಆಯುಷ್ಯವೆಲ್ಲ ವಿಠ್ಠಲ ಅಂದರೂ ಗುಡಿಯೊಳಗೆ ಬಿಡಲಿಲ್ಲ. ಸಮಾಧಿ ಕಟ್ಟಿದ್ದು ಬಾಗಿಲ ಹೊರಗೆ. ಆ ಬಾಗಿಲು ದಲಿತರಿಗೆ ತೆರೆದದ್ದು 1947ರಲ್ಲಿ, ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಈಗ ಸಾಲಿನಲ್ಲಿ ಹಗಲು ರಾತ್ರಿ ನಿಂತ ಮುದುಕಿಯನ್ನು ಪಕ್ಕಕ್ಕೆ ಸರಿಸಲು ಜಾತಿ ಬೇಕಿಲ್ಲ. ಸಾಹೇಬರ ಗಾಡಿ ಬಂತು ಅಂದರೆ ಸಾಕು.

ಆ ಜಾಹೀರಾತಿನಲ್ಲಿ ನನಗೆ ಹೊಟ್ಟೆಕಿಚ್ಚಾದದ್ದು ವೈನು ನೋಡಿ ಅಲ್ಲ, ಹಾಸಿಗೆ ನೋಡಿಯೂ ಅಲ್ಲ. ಕಂಪನಿ ಕೊಡುವ ಸಾಮಾನಿನ ಪಟ್ಟಿಯಲ್ಲಿ ಎರಡು ಸಾಲು ಇತ್ತು. ಹೆಲ್ಮೆಟ್ಟು. ಕತ್ತಲಲ್ಲಿ ಮಿಂಚುವ ಜಾಕೆಟ್ಟು.

2022ರ ಅಕ್ಟೋಬರ್ 31ರ ಸಂಜೆ ನಮ್ಮದೇ ಜಿಲ್ಲೆಯ ಸಾಂಗೋಲೆ ಹತ್ತಿರ ಕಾರ್ತಿಕ ವಾರಿಗೆ ಹೊರಟಿದ್ದ ದಿಂಡಿಯ ಮೇಲೆ ಕಾರು ನುಗ್ಗಿತು. ಕೊಲ್ಹಾಪುರ ಜಿಲ್ಲೆಯ ಹಳ್ಳಿಯ ಜನ. ಏಳು ಮಂದಿ ಸತ್ತರು. ಪರಿಹಾರ ಘೋಷಣೆ ಆಯಿತು, ಸಂತಾಪ ಆಯಿತು, ಮುಗಿಯಿತು. ದೊಡ್ಡ ಪಾಲಖಿಗಳಿಗೆ ಹೊಸ ಹೆದ್ದಾರಿ ಆಗುತ್ತಿದೆ, ಪಕ್ಕದಲ್ಲಿ ನಡೆಯುವವರಿಗೆ ಬೇರೆ ದಾರಿ. 2021ರ ನವೆಂಬರಿನಲ್ಲಿ ಶಂಕುಸ್ಥಾಪನೆ ಆದದ್ದು. ಸಂತೋಷ. ಆದರೆ ನಮ್ಮ ಕಡೆಯಿಂದ, ಜತ್ತದಿಂದ, ಇಂಡಿಯಿಂದ, ಆಳಂದದಿಂದ ಐವತ್ತು ಅರವತ್ತು ಜನ ಸೇರಿ ಹೊರಡುವ ಸಣ್ಣ ದಿಂಡಿಗಳಿಗೆ ಯಾವ ದಾರಿ? ರಸ್ತೆಯ ಬಿಳಿ ಗೆರೆಯ ಆಚೆ ಮೊಳದಷ್ಟು ಜಾಗ. ಕಾರ್ತಿಕ ಅಂದರೆ ಕಬ್ಬು ಕಡಿಯುವ ಹಂಗಾಮು. ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರು. ಅದನ್ನು ತಪ್ಪಿಸಲು ಬಲಕ್ಕೋ ಎಡಕ್ಕೋ ಹೊರಳುವ ಕಾರು. ಎಡಕ್ಕೆ ಹೊರಳಿದರೆ ಅಲ್ಲಿ ಅಭಂಗ ಹಾಡುತ್ತ ಹೋಗುವ ಮಾವಶಿಯರು. ಒಂದು ಮಿಂಚುವ ಪಟ್ಟಿ ಎಷ್ಟು ದುಬಾರಿ? ಒಂದು ಪೊಲೀಸ್ ಬೈಕು ದಿಂಡಿಯ ಹಿಂದೆ ಹೋಗಲು ಎಷ್ಟು ಪೆಟ್ರೋಲ್ ಬೇಕು? ಇದನ್ನು ಪ್ರತಿ ವರ್ಷ ಬರೆದು ಬರೆದು ಕೈ ಸೋತಿದೆ. ಜನ ಸಾಯುತ್ತಾರೆ, ನಾವು ಬರೆಯುತ್ತೇವೆ.

ಇರಲಿ. ಸ್ಪೇನಿನಿಂದ ಒಂದನ್ನು ಮಾತ್ರ ತರಿಸಿಕೊಳ್ಳಬಹುದು. ಕುದುರೆ ಬೇಡ, ಸೈಕಲ್ ಬೇಡ, ಆ ಮೊಹರಿನ ನಿಯಮ. ಸಾಮಾನ್ಯ ಜನಕ್ಕಲ್ಲ, ವಿಐಪಿಗಳಿಗೆ. ವಿಠ್ಠಲನ ಮುಂದೆ ಸಾಲು ಬಿಟ್ಟು ನುಗ್ಗಬೇಕು ಅಂದರೆ 100 ಕಿಲೋಮೀಟರ್ ನಡೆದ ಪುಸ್ತಿಕೆ ತೋರಿಸಿ, ದಿನಕ್ಕೆ ಎರಡು ಮೊಹರು. ಅಕ್ಕಲಕೋಟೆಯಿಂದ ಪಂಢರಪುರಕ್ಕೆ 110 ಕಿಲೋಮೀಟರ್ ಆಸುಪಾಸು, ಸಾರಿಯಾದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಸೈಕಲ್ಲೇ ಬೇಕು ಅನ್ನುವ ಸಾಹೇಬರು 200 ತುಳಿಯಬೇಕು, ಅವರು ಕಲಬುರಗಿಯಿಂದ ಹೊರಟರೂ ಸ್ವಲ್ಪ ಕಮ್ಮಿ ಬೀಳುತ್ತದೆ. ಕುದುರೆ ಕೇಳಿದರೆ ಕೈಮುಗಿದು ಹೇಳೋಣ: ಅಂಕಲಿಯ ಕುದುರೆಯ ಸೀಟು ಆಗಲೇ ಭರ್ತಿಯಾಗಿದೆ. ಮೊಹರು ಒತ್ತಲು ಕಾಕಾ ತಯಾರಿದ್ದಾರೆ. ಇಂಕ್ ಪ್ಯಾಡನ್ನೂ ತಾವೇ ಕೊಂಡು ತರುತ್ತಾರಂತೆ. ಒಂದು ಸಾಕಾಗುತ್ತದೆ, ಒಣಗುವ ಮೊದಲು ಯಾರಾದರೂ ಬಂದರೆ ಹೆಚ್ಚು ಅನ್ನುತ್ತಾರೆ.