ಅಬ್ಬಿ ತೋರಿಸಿದಿರಿ, ಹಾಕಿ ಯಾಕೆ ತೋರಿಸಲಿಲ್ಲ?

ಟ್ಯೂರಿನ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬ 2025ರ ಏಪ್ರಿಲ್‌ನಲ್ಲಿ ಮಡಿಕೇರಿಗೆ ಹೋಗಿ ಬಂದ. ಬಂದವನೇ ಫೋಟೊ ತೋರಿಸಿದ. ಅಬ್ಬಿ ಜಲಪಾತ, ರಾಜಾಸೀಟು, ದುಬಾರೆ ಆನೆ, ಕೋಟೆಯೊಳಗಿನ ಗಾರೆ ಆನೆ. ನನಗೆ ಅಂತ ಒಂದು ಪೊಟ್ಟಣ ಹೋಂಮೇಡ್ ಚಾಕೊಲೇಟ್ ಬೇರೆ. ಚಾಕೊಲೇಟಿಗೇ ಹೆಸರಾದ ಊರಿಗೆ ಮಡಿಕೇರಿಯಿಂದ ಚಾಕೊಲೇಟ್ ಹೊತ್ತು ತಂದಿದ್ದಾನೆ ಪುಣ್ಯಾತ್ಮ! 'ಹಾಕಿ ಹೇಗಿತ್ತು?' ಅಂತ ಕೇಳಿದೆ. 'ಯಾವ ಹಾಕಿ?' ಅಂದ.

ಅವನು ಅಲ್ಲಿದ್ದಾಗ ಕೊಡವ ಕುಟುಂಬಗಳ ಹಾಕಿ ಹಬ್ಬ, ಆ ವರ್ಷದ ಮುದ್ದಂಡ ಕಪ್, ನಡೆಯುತ್ತಿದ್ದದ್ದು ಮಡಿಕೇರಿಯಲ್ಲೇ. 400ರ ಹತ್ತಿರ ಕುಟುಂಬಗಳು ಆಡಲು ಇಳಿದಿದ್ದವು. ಇವನು ಉಳಿದಿದ್ದ ಹೋಂಸ್ಟೇಯವರು ಒಂದು ಮಾತು ಹೇಳಿಲ್ಲ. ಮನಸ್ಸು ತಡೆಯದೆ ಊರಿಗೆ ಫೋನ್ ಮಾಡಿ ಅಣ್ಣನ ಹತ್ತಿರ ಹೇಳಿದೆ. 'ಅವರಿಗೆ ಅದೆಲ್ಲ ಯಾಕೆ ಮಾರಾಯ? ಮಾಂದಲ್‌ಪಟ್ಟಿಗೆ ಜೀಪ್ ಮಾಡಿಕೊಟ್ಟಿದ್ದಾರಲ್ಲ, ಸಾಕು' ಅಂದ.

ನಾನು ಹೊಸದಾಗಿ ಟ್ಯೂರಿನ್‌ಗೆ ಬಂದಾಗ ಇದೇ ಗೆಳೆಯ ಊರು ತೋರಿಸಿದ್ದು ನೆನಪಾಯಿತು. ಇಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಈಗ ಪೀಡ್ಮಾಂಟ್ ಪ್ರಾಂತ್ಯದ ರಾಜಧಾನಿ. 1861ರಲ್ಲಿ ಇಟಲಿ ಒಂದಾದಾಗ ಇಡೀ ದೇಶದ ಮೊದಲ ರಾಜಧಾನಿ. 1824ರಲ್ಲಿ ಶುರುವಾದ ಈಜಿಪ್ಟ್ ಮ್ಯೂಸಿಯಂ ಇದೆ. 167 ಮೀಟರ್ ಎತ್ತರದ ಮೋಲೆ ಗೋಪುರ ಇದೆ. 'ಅದನ್ನೆಲ್ಲ ನೀನೇ ನೋಡ್ಕೋ' ಅಂದವನು ನನ್ನನ್ನು ಹಲ್ಲುಕಂಬಿಯ ಹಳೇ ಟ್ರಾಮ್ ಹತ್ತಿಸಿ ಸೂಪರ್ಗಾ ಗುಡ್ಡಕ್ಕೆ ಕರೆದುಕೊಂಡು ಹೋದ.

ಗುಡ್ಡದ ಮೇಲೆ ದೊಡ್ಡ ಚರ್ಚ್. ಅದರ ಕೆಳಗೆ ಸವಾಯ್ ರಾಜರ ಸಮಾಧಿ. ನಮ್ಮಲ್ಲಿ ಗದ್ದಿಗೆ ತೋರಿಸುವಷ್ಟೇ ಅವಸರದಲ್ಲಿ ಅದನ್ನು ಮುಗಿಸಿದ. ಆಮೇಲೆ ಚರ್ಚಿನ ಹಿಂಭಾಗಕ್ಕೆ ನಡೆಸಿದ. 1949ರ ಮೇ 4ರಂದು ಲಿಸ್ಬನ್‌ನಲ್ಲಿ ಮ್ಯಾಚ್ ಆಡಿ ಬರುತ್ತಿದ್ದ ಟೊರಿನೊ ಫುಟ್ಬಾಲ್ ತಂಡದ ವಿಮಾನ ಮಂಜಿನಲ್ಲಿ ಇಲ್ಲಿನ ಗೋಡೆಗೇ ಬಡಿಯಿತು. 31 ಜನ ಸತ್ತರು, ಅವರಲ್ಲಿ 18 ಮಂದಿ ಆಟಗಾರರು. ಅದಕ್ಕೆ ಎರಡು ವರ್ಷ ಮುಂಚೆ ಹಂಗೆರಿ ವಿರುದ್ಧ ಇಟಲಿ ಇಳಿಸಿದ ಹನ್ನೊಂದು ಜನರಲ್ಲಿ ಹತ್ತು ಜನ ಈ ಒಂದೇ ಕ್ಲಬ್ಬಿನವರು. ಈಗ ಅಲ್ಲೊಂದು ಕಲ್ಲು, ಅದರ ಮೇಲೆ ಹೆಸರು. ಸುತ್ತ ಕಟ್ಟಿದ ಶಾಲುಗಳು, ಹೆಚ್ಚಿನವು ಟೊರಿನೊದ ದಟ್ಟ ಕೆಂಪು. ಮಳೆಗೆ ನೆನೆದು ಬಣ್ಣ ಬಿಟ್ಟವು, ನಿನ್ನೆ ತಾನೇ ಕಟ್ಟಿದಂಥವು, ಬೇರೆ ಊರಿನ ತಂಡಗಳವು. ಪ್ರತಿ ಮೇ 4ಕ್ಕೆ ಟೊರಿನೊ ನಾಯಕ ಇಲ್ಲಿ ನಿಂತು ಅಷ್ಟೂ ಹೆಸರು ಓದುತ್ತಾನೆ. ನನ್ನ ಗೆಳೆಯ ಹುಟ್ಟುವ ಎಷ್ಟೋ ವರ್ಷ ಮುಂಚೆ ನಡೆದದ್ದು. ಮನೆಯವರ ಸಾವಿನ ಬಗ್ಗೆ ಹೇಳುವ ಹಾಗೆ ಹೇಳಿದ.

ಅದಾದ ಮೇಲೇ ಊರು ಇಳಿದು ನೋಡಿದ್ದು. ಕಾಫಿ ಬಾರಿನಲ್ಲಿ ಕಪ್ ಇಡುತ್ತಾ ಆ ಹೆಂಗಸು ನನ್ನನ್ನು ಕೇಳಿದ ಮೊದಲ ಪ್ರಶ್ನೆ, ಯಾವ ಕಡೆ? 1897ರಲ್ಲಿ ಶಾಲೆ ಹುಡುಗರು ಕಟ್ಟಿದ ಜುವೆಂಟಸ್ಸಾ, 1906ರ ಟೊರಿನೊನಾ? (ಆ ಕಪ್ಪಿನಲ್ಲಿ ನಮ್ಮ ಕಡೆಯ ರೊಬಸ್ಟಾ ಇದ್ದರೂ ಇರಬಹುದು. ಭಾರತದ ಕಾಫಿ ಜಾಸ್ತಿ ಹೋಗುವುದು ಇಟಲಿಗೇ.) ಜುವೆಂಟಸ್ ಇಡೀ ಇಟಲಿಯದು, ಊರಿನದು ಅಂದರೆ ಟೊರಿನೊ ಅಂತ ನನ್ನ ಗೆಳೆಯನ ವಾದ. ಆ ಕಡೆಯವರು ಬೇರೆ ಹೇಳುತ್ತಾರೆ ಬಿಡಿ.

ಈಗ ಹೇಳಿ, ನಮಗೇನು ಕಡಿಮೆ? 1973ರ ಹಾಕಿ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್. 1975ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಬಿ.ಪಿ. ಗೋವಿಂದ. 1980ರ ಮಾಸ್ಕೊ ಒಲಿಂಪಿಕ್ಸ್ ಚಿನ್ನದ ತಂಡದಲ್ಲಿ ಎಂ.ಎಂ. ಸೋಮಯ್ಯ. ಇಷ್ಟು ಚಿಕ್ಕ ಜಿಲ್ಲೆಯ ಮಕ್ಕಳು! ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬ ಸೇರಿಸಿ ಶುರು ಮಾಡಿದ ಹಬ್ಬ ಈಗ ಎಲ್ಲಿಗೆ ಬಂದಿದೆ ನೋಡಿ. ನಾನು ಅರೆಭಾಷೆ ಮಾತಾಡುವ ಮನೆಯವನು, ಕೊಡವನಲ್ಲ, ಆಡುವ ಹಕ್ಕು ನನಗಿಲ್ಲ. ಆದರೂ ಏಪ್ರಿಲ್ ಬಂತು ಅಂದರೆ ನೆನಪಾಗುವುದು ಆ ಗ್ಯಾಲರಿಯೇ. ಅಪ್ಪ ಗೋಲಿಯಾದರೆ ಮಗಳು ಫಾರ್ವರ್ಡ್. ಬಾಲ್ ತಪ್ಪಿದರೆ ಹೊರಗಿನಿಂದ ಅತ್ತೆಯ ಬೈಗುಳ. ಜನರಲ್ ತಿಮ್ಮಯ್ಯನವರು ಹುಟ್ಟಿದ ಸನ್ನಿಸೈಡ್ ಮನೆಯನ್ನು 2021ರಲ್ಲಿ ಮ್ಯೂಸಿಯಂ ಮಾಡಿದೆವು, ಚೆನ್ನಾಗಿಯೇ ಮಾಡಿದೆವು. ಸೈನ್ಯಕ್ಕೆ ಸಿಕ್ಕಿದ ಮರ್ಯಾದೆ ಹಾಕಿಗೆ ಯಾಕಿಲ್ಲ? ಬಂದವರಿಗೆ ಬೆಟ್ಟ, ನೀರು, ಮಂಜು ತೋರಿಸಿ ಕಳಿಸುತ್ತೇವೆ. ಮಂಜು ಎಲ್ಲಿಲ್ಲ?

ಇಲ್ಲಿಯವರೂ ಎಲ್ಲ ಜೋಪಾನ ಮಾಡಿದವರೇನಲ್ಲ, ಅದನ್ನೂ ಹೇಳಬೇಕು. ಆ ಮಹಾ ತಂಡ ಆಡಿದ ಫಿಲಡೆಲ್ಫಿಯಾ ಮೈದಾನ ವರ್ಷಗಟ್ಟಲೆ ಪಾಳು ಬಿದ್ದಿತ್ತು, ಮತ್ತೆ ಕಟ್ಟಿ ತೆರೆದದ್ದು 2017ರಲ್ಲಿ. ಜುವೆಂಟಸ್ ಮ್ಯೂಸಿಯಂಗೆ ಟಿಕೆಟ್, ಹೊರಗೆ ಬಂದರೆ ಅಂಗಡಿ. ಅಣ್ಣನ ಮಾತಲ್ಲೂ ಅರ್ಥ ಇಲ್ಲದಿಲ್ಲ. ಅಬ್ಬಿಯ ದಾರಿಯಲ್ಲಿ ವಾರದ ಕೊನೆಗೆ ನಿಲ್ಲುವ ಕಾರುಗಳನ್ನು ಕಂಡವರು, ಅಷ್ಟೂ ಜನ ಹಾಕಿ ಮೈದಾನಕ್ಕೆ ನುಗ್ಗಿದರೆ ಏನು ಗತಿ ಅಂತ ಹೆದರುವುದು ಸಹಜ. ಮನೆಯವರಿಗಾಗಿ ಮನೆಯವರೇ ಆಡುವ ಆಟ ಅದು, ಟಿಕೆಟ್ ಇಟ್ಟು ತೋರಿಸಲು ಹೊರಟರೆ ಕೆಡುತ್ತದೆ, ಒಪ್ಪಿದೆ.

ಟಿಕೆಟ್ ಬೇಡ, ಮ್ಯೂಸಿಯಂ ಕೂಡ ಸದ್ಯಕ್ಕೆ ಬೇಡ. ಹಬ್ಬ ನಡೆಯುವ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಒಂದು ಬೋರ್ಡ್ ಹಾಕಿ: ಇವತ್ತು ಯಾರಿಗೂ ಯಾರಿಗೂ ಮ್ಯಾಚು, ಯಾವ ಊರಲ್ಲಿ, ಎಷ್ಟು ಗಂಟೆಗೆ. ಅದೂ ಕಷ್ಟ ಅಂದರೆ, ಹೋಂಸ್ಟೇಯವರು ಬೆಳಿಗ್ಗೆ ಕಡುಬು ಬಡಿಸುವಾಗ ಬಾಯಿಬಿಟ್ಟು ಒಂದು ಮಾತು ಹೇಳಲಿ.